ಒಂದೇ ದಡ ಉಳಿಯಿತು

ಮಸೀದಿಯ ಬಾಂಗ್ ಮುಗಿದಿದೆ, ಬೆಳಕು ಇನ್ನೂ ಹರಿದಿಲ್ಲ. ಗಾಯಾಮ್ ಕೇರಿಯ ಕಡವಿನಲ್ಲಿ ಪೋನಿರಾ ದೋಣಿಯೊಳಗೆ ಬಗ್ಗಿ ನಿಂತು, ರಾತ್ರಿಯೆಲ್ಲ ಒಸರಿ ತುಂಬಿದ ನೀರನ್ನು ಹಳೆಯ ಪೇಂಟ್ ಡಬ್ಬಿಯಲ್ಲಿ ಗೋರಿ ಹೊಳೆಗೆ ಚೆಲ್ಲುತ್ತಿದ್ದಾರೆ. ಮೇಲಿಂದ ತೇಲಿ ಬಂದ ಅಂತರಗಂಗೆಯ ಮುದ್ದೆಯೊಂದು ದೋಣಿಯ ಮೂತಿಗೆ ಸಿಕ್ಕಿಕೊಂಡಿದೆ. ಅದನ್ನು ಬಿದಿರಿನ ಗಳುವಿನಿಂದ ದೂರ ತಳ್ಳಿ, ಲುಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಅಂಗೈಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡು ಹಗ್ಗ ಹಿಡಿಯುತ್ತಾರೆ.

ಈ ದೋಣಿಗೆ ಹುಟ್ಟಿಲ್ಲ, ಇಂಜಿನ್ನಿಲ್ಲ. ಈ ದಡದ ಕಂಬದಿಂದ ಆ ದಡದ ಕಂಬಕ್ಕೆ ಬಿಗಿದ ಉಕ್ಕಿನ ಹಗ್ಗವೊಂದಿದೆ. ಅದನ್ನು ಕೈ ಮೇಲೆ ಕೈ ಹಾಕಿ ಎಳೆದರೆ ದೋಣಿ ಸರಿಯುತ್ತದೆ. ತಗಡಿನ ಸೂರು, ಎರಡು ಕಡೆ ಉದ್ದನೆಯ ಹಲಗೆ, ನಡುವೆ ಬೈಕು ನಿಲ್ಲಿಸುವಷ್ಟು ಜಾಗ. ಒಂದು ಕಾಲದಲ್ಲಿ ಬೆಳಿಗ್ಗೆ ಈ ಹೊತ್ತಿಗೆ ಹಲಗೆಯ ಮೇಲೆ ಜಾಗ ಸಿಗದೆ ಜನ ಸೂರಿನ ಕಂಬ ಹಿಡಿದು ನೇತಾಡುತ್ತಿದ್ದರು. ಈಗ ಮೊದಲ ಸರದಿಗೆ ಇರುವುದು ಒಬ್ಬನೇ, ಸೈಕಲ್ ಮೇಲೆ ಬ್ರೆಡ್ಡು ಮಾರುವವನು.

“ಏನ್ ಬು, ಇವತ್ತು ದೋಣಿ ತುಂಬಾ ರಶ್ಶು!” ಎನ್ನುತ್ತಾನೆ ಅವನು. ಬು ಎಂದರೆ ಅಮ್ಮ. ಕೇರಿಯಲ್ಲಿ ಹಿರಿಯರು ಕಿರಿಯರು ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ.

“ತುಂಬಕ್ಕೆ ನಿನ್ನ ಹೊಟ್ಟೆ ಒಂದೇ ಸಾಕಲ್ಲ. ಸೈಕಲ್ ಆ ಕಡೆ ಇಡು, ವಾಲುತ್ತೆ.”

ಅವನು ನಗುತ್ತಾನೆ. ಪೋನಿರಾ ನಗುವುದಿಲ್ಲ, ಆದರೆ ಇನ್ನೊಂದು ಮಾತಾಡಲಿ ಎಂಬಂತೆ ನಿಧಾನಕ್ಕೆ ಎಳೆಯುತ್ತಾರೆ. ಆ ದಡ ಬೇಗ ಬಂದುಬಿಡುತ್ತದೆ. ಅಲ್ಲಿ ನೀಲಿ ತಗಡಿನ ಎತ್ತರದ ಗೋಡೆ; ಅದರ ಹಿಂದೆ ಅರ್ಧ ಎದ್ದ ಅಪಾರ್ಟ್‌ಮೆಂಟಿನ ಅಂತಸ್ತುಗಳು, ನೆತ್ತಿಯ ಮೇಲೆ ಕ್ರೇನು. ಕಡವಿನ ಮೆಟ್ಟಿಲು ಮುಗಿಯುವಲ್ಲಿ ಗೋಡೆಯಲ್ಲಿ ಒಂದು ಸಂದಿ ಬಿಟ್ಟಿದ್ದಾರೆ. ಬ್ರೆಡ್ಡಿನವನು ಸೈಕಲ್ಲನ್ನು ಓರೆ ಮಾಡಿ ಅದರಲ್ಲಿ ತೂರಿಕೊಂಡು ಹೋಗುತ್ತಾನೆ. ಕಾಯಲು ಅಲ್ಲಿ ಬೇರೆ ಯಾರೂ ಇಲ್ಲ. ಪೋನಿರಾ ಹಗ್ಗ ಹಿಡಿದು ಖಾಲಿ ದೋಣಿಯನ್ನು ವಾಪಸು ಎಳೆಯುತ್ತಾರೆ.

ಆ ತಗಡಿನ ಗೋಡೆಯ ಜಾಗದಲ್ಲಿ ಮೂರು ವರ್ಷದ ಹಿಂದಿನವರೆಗೂ ವಾರು ಕೇರಿ ಇತ್ತು.

ಪೋನಿರಾ ಮದುವೆಯಾಗಿ ಗಾಯಾಮ್ ಕೇರಿಗೆ ಬಂದಾಗ ದೋಣಿ ಗಂಡ ಸರ್ಪಾನ್ ಅವರದ್ದಾಗಿತ್ತು. ಅವರಿಗೆ ಲಕ್ವ ಹೊಡೆದು ಒಂದು ಕೈ ಬಿದ್ದುಹೋದ ಮೇಲೆ, ಮನೆಯಲ್ಲಿ ಬೇರೆ ಗಂಡಸಿಲ್ಲದೆ, ಮಕ್ಕಳೂ ಇಲ್ಲದೆ, ಪೋನಿರಾ ತಾವೇ ಹಗ್ಗ ಹಿಡಿದರು. ಹೆಂಗಸು ಎಳೆಯುವ ದೋಣಿಗೆ ಹತ್ತಲ್ಲ ಎಂದು ಗಾಯಾಮ್‌ನ ಕೆಲವರು ದೂರದ ಸೇತುವೆ ಸುತ್ತಿ ಹೋದರು. ಆ ದಡದವರು ಮಾತ್ರ ಮೊದಲ ದಿನವೇ ಹತ್ತಿದರು. ಮೊದಲು ಹತ್ತಿದವರು ಕಾಸ್ತಿ. ಸೋಯಾಕಾಳು ಬೇಯಿಸಿ ಹುದುಗು ಹಾಕಿ ಟೆಂಪೆ ಮಾಡಿ ಮಾರುತ್ತಿದ್ದ ಹೆಂಗಸು. ಪೋನಿರಾಗಿಂತ ಸ್ವಲ್ಪ ಚಿಕ್ಕವರು, ಬಾಯಿ ಮಾತ್ರ ದೊಡ್ಡದು.

“ಮಧ್ಯ ಹೊಳೇಲಿ ಹಗ್ಗ ಕೈಯಿಂದ ಜಾರಿಬಿಡ್ತು,” ಪೋನಿರಾ ನೆನೆಯುತ್ತಾರೆ. “ದೋಣಿ ಅಡ್ಡ ತಿರುಗ್ತು. ಅವಳು ಬುಟ್ಟಿ ಕೆಳಗಿಟ್ಟು ಎದ್ದು ಬಂದು ಹಗ್ಗ ಹಿಡ್ಕೊಂಡ್ಳು. ‘ಅಕ್ಕಾ, ನಾನು ಸಾಯೋದಾದ್ರೆ ಟೆಂಪೆ ಮಾರಿ ಆದ್ಮೇಲೆ ಸಾಯ್ತೀನಿ, ಎಳಿ’ ಅಂದ್ಳು. ಇಬ್ರೂ ಎಳೆದ್ವಿ. ಆವತ್ತಿಂದ ಶುರು.”

ಎರಡು ಕೇರಿಗಳಿದ್ದರೂ ಬದುಕು ಒಂದೇ ಆಗಿತ್ತು. ಶಾಲೆ ವಾರುವಿನಲ್ಲಿ, ಗೋರಿಗಳ ಜಾಗ ಗಾಯಾಮ್‌ನಲ್ಲಿ. ಸಂತೆ ಆ ಕಡೆ, ಸೂಲಗಿತ್ತಿ ಈ ಕಡೆ. ಮದುವೆಯ ಮೆರವಣಿಗೆ, ಹೆಣದ ಚಟ್ಟ, ಜ್ವರ ಬಂದ ಮಗು, ಎಲ್ಲವೂ ಪೋನಿರಾರ ಹಲಗೆಯ ಮೇಲಿಂದಲೇ ದಾಟಬೇಕು. ಯಾರ ಮನೆಯಲ್ಲಿ ಏನು ನಡೆದರೂ ಅವರಿಗೆ ಗೊತ್ತಾಗುತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ ಎಂಬುದಕ್ಕೇ ಜನ ಅವರ ಮುಂದೆ ಮಾತಾಡುತ್ತಿದ್ದರು.

ಗಂಡ ತೀರಿಕೊಂಡ ವರ್ಷವೇ ನಗರಾಡಳಿತದವರ ನೋಟಿಸು ಬಂತು. ಹೊಳೆಯ ಎರಡೂ ದಂಡೆಯ ಮನೆಗಳನ್ನು ತೆಗೆಯಬೇಕು, ತಡೆಗೋಡೆ ಕಟ್ಟಬೇಕು, ಉದ್ಯಾನ ಮಾಡಬೇಕು. ಹೊಳೆ ಉಕ್ಕಿ ಊರಿಗೆ ನೀರು ನುಗ್ಗುವುದಕ್ಕೆ ದಂಡೆಯ ಮೇಲಿನ ಈ ಜನವೇ ಕಾರಣ ಎಂದು ಕಾರಿನಲ್ಲಿ ಓಡಾಡುವವರು ಬಹಳ ದಿನದಿಂದ ನಂಬಿದ್ದರು. ಉದ್ಯಾನದ ಹಿಂದೆ ಅಪಾರ್ಟ್‌ಮೆಂಟೂ ಬರುತ್ತದೆಂದು ಆಮೇಲೆ ತಿಳಿಯಿತು.

ಗಾಯಾಮ್‌ನಲ್ಲಿ ಸೈಕಲ್ ರಿಪೇರಿ ಮಾಡುವ ಮುರ್ಸಿದ್ ಮುಂದೆ ನಿಂತು ಎರಡೂ ಕೇರಿಯವರನ್ನು ಸೇರಿಸಿದರು. ಮೊದಲ ಸಭೆಯಲ್ಲೇ ಎಲ್ಲರೂ ಕೈ ಎತ್ತಿ ಒಂದು ಮಾತು ಕೊಟ್ಟರು: ಉಳಿದರೆ ಎರಡೂ ದಡ, ಇಲ್ಲವಾದರೆ ಯಾವುದೂ ಬೇಡ. ಸಭೆಗೆ ಬರುವವರಿಂದ ಪೋನಿರಾ ದೋಣಿಯ ಕಾಸು ತೆಗೆದುಕೊಳ್ಳಲಿಲ್ಲ. ಆಮೇಲಿನ ದಿನಗಳಲ್ಲಿ ಅವರು ಸಾಗಿಸಿದ್ದು ಜನರನ್ನಷ್ಟೇ ಅಲ್ಲ. ಈ ದಡದ ಸುದ್ದಿ ಆ ದಡಕ್ಕೆ, ಆ ದಡದ ಜಗಳ ಈ ದಡಕ್ಕೆ. ಪರಿಹಾರ ತೆಗೆದುಕೊಂಡು ಹೊರಡೋಣ ಎಂದು ಯಾರಾದರೂ ಕುಂದಿದರೆ, ಅವರನ್ನು ದಾಟಿಸುವ ಹೊತ್ತಿಗೆ ದೋಣಿ ತುಂಬಾ ನಿಧಾನಕ್ಕೆ ಹೋಗುತ್ತಿತ್ತು.

“ಭಾಷಣ ಬರಲ್ಲ ನಂಗೆ,” ಎನ್ನುತ್ತಾರೆ. “‘ನಿಂಗೆ ಬೇಜಾರಾಗಿದ್ಯಾ’ ಅಂತ ಕೇಳ್ತಿದ್ದೆ, ಅಷ್ಟೆ. ಆಮೇಲೆ ಅವರೇ ಮಾತಾಡೋರು. ದಡ ಮುಟ್ಟೋ ಹೊತ್ತಿಗೆ ‘ಇನ್ನೊಂದ್ ಸ್ವಲ್ಪ ದಿನ ನೋಡಣ ಬು’ ಅನ್ನೋರು.”

ಮನೆಗಳನ್ನು ಕೆಡವುವ ಯಂತ್ರ ಗಾಯಾಮ್‌ನ ಓಣಿಯೊಳಗೆ ಹಿಡಿಸುವುದಿಲ್ಲ. ಎರಡು ಬೈಕು ಎದುರಾದರೆ ಒಂದು ಹಿಂದೆ ಹೋಗಬೇಕಾದ ಓಣಿ ಅದು. ಹಾಗಾಗಿ ಒಂದು ದಿನ ಬುಲ್ಡೋಜರನ್ನು ಸರಕು ಸಾಗಿಸುವ ಚಪ್ಪಟೆ ಬಾರ್ಜಿನ ಮೇಲೆ ಹೇರಿ ಹೊಳೆಯಲ್ಲೇ ತಂದರು. ದೊಡ್ಡ ದೋಣಿ ಬಂದರೆ ಪೋನಿರಾ ದಡದ ಕಂಬದ ರಾಟೆ ಸಡಿಲಿಸಿ ಹಗ್ಗವನ್ನು ನೀರಿನ ತಳಕ್ಕೆ ಇಳಿಸುವುದು ವಾಡಿಕೆ. ಬಾರ್ಜಿನವನು ಹಾರ್ನ್ ಹೊಡೆದ. ಪೋನಿರಾ ದೋಣಿಯನ್ನು ಹೊಳೆಯ ಮಧ್ಯಕ್ಕೆ ಎಳೆದುಕೊಂಡು ಹೋಗಿ, ಹಗ್ಗದ ಕೆಳಗೆ ಅಡ್ಡ ನಿಲ್ಲಿಸಿ, ಹಲಗೆಯ ಮೇಲೆ ಕುಳಿತುಬಿಟ್ಟರು.

“ಹಗ್ಗ ಇಳಿಸಮ್ಮಾ!” ಅಧಿಕಾರಿಯೊಬ್ಬ ಧ್ವನಿವರ್ಧಕದಲ್ಲಿ ಕೂಗಿದ.

“ರಾಟೆ ಕಟ್ಕೊಂಡ್ಬಿಟ್ಟಿದೆ ಸಾರ್!”

“ಯಾವಾಗ ಸರಿಹೋಗುತ್ತೆ?”

“ನೀವು ಹೋದ್ಮೇಲೆ!”

ಎರಡೂ ದಡದಲ್ಲಿ ಜನ ಹೋ ಎಂದು ನಕ್ಕರು. ಬಿಸಿಲೇರಿತು. ಬಾರ್ಜಿನವರು ಬೈದರು, ಪುಸಲಾಯಿಸಿದರು, ಹಗ್ಗ ಕತ್ತರಿಸುತ್ತೇವೆಂದು ಹೆದರಿಸಿದರು. ಬಿಗಿದ ಉಕ್ಕಿನ ಹಗ್ಗ ಕಡಿದರೆ ಅದು ಚಾವಟಿಯಂತೆ ಹಾರಿ ಮೊದಲು ಬಡಿಯುವುದು ದೋಣಿಯಲ್ಲಿದ್ದ ಹೆಂಗಸಿಗೆ. ಅಷ್ಟೂ ಜನರ ಎದುರಿಗೆ ಅದಕ್ಕೆ ಯಾರಿಗೂ ಧೈರ್ಯ ಬರಲಿಲ್ಲ. ಕಾಸ್ತಿ ಬಾಳೆಲೆಯಲ್ಲಿ ಅನ್ನ, ಕರಿದ ಟೆಂಪೆ, ಖಾರದ ಚಟ್ನಿ ಕಟ್ಟಿ, ಟೈರಿನ ಟ್ಯೂಬಿನ ಮೇಲಿಟ್ಟು ಈಜಿಕೊಂಡು ತಂದುಕೊಟ್ಟರು. ಸಂಜೆ ಮಳೆ ಹಿಡಿದಾಗ ಬಾರ್ಜು ತಿರುಗಿ ಹೋಯಿತು.

ಮರುದಿನ ಪತ್ರಿಕೆಗಳಲ್ಲಿ ಚಿತ್ರ ಬಂತು. ಬ್ಯಾನರ್ ಹಿಡಿದ ಜನ, ಮುಂದೆ ಮುಷ್ಟಿ ಎತ್ತಿದ ಮುರ್ಸಿದ್. ಮೂಲೆಯಲ್ಲಿ ದೋಣಿಯ ಸೂರಿನ ತುದಿ, ಅದರ ಕೆಳಗೆ ಒಂದು ಬಿದಿರಿನ ಟೋಪಿ. ಟೋಪಿಯ ಕೆಳಗೆ ಯಾರಿದ್ದಾರೆಂದು ಬರೆದಿರಲಿಲ್ಲ. ಪೋನಿರಾಗೆ ಅದರ ಬೇಸರವೇನಿಲ್ಲ. “ಮುಖ ಬಂದಿದ್ರೆ ಇನ್ನೂ ತೊಂದ್ರೆ ಆಗ್ತಿತ್ತು. ಬಾಯಲ್ಲಿ ಅನ್ನ ತುಂಬ್ಕೊಂಡಿದ್ದೆ ಆವಾಗ.”

ಅದಾದ ಮೇಲೆ ನಗರಾಡಳಿತದವರು ಮಾತುಕತೆಗೆ ಕರೆದು, ದಂಡೆಗೆ ಜಾಗ ಬಿಟ್ಟುಕೊಟ್ಟರೆ ಉಳಿಸುವುದನ್ನು ನೋಡೋಣ ಎಂದರು. ಹೊಳೆಗೆ ಬೆನ್ನು ಹಾಕಿದ್ದ ಮನೆಗಳನ್ನು ಜನ ತಾವೇ ಹಿಂದಕ್ಕೆ ಸರಿಸಿ, ಹೊಳೆಗೆ ಮುಖ ಮಾಡಿ ಕಟ್ಟಿಕೊಂಡರು. ಅಡುಗೆಮನೆ ಬಿಟ್ಟುಕೊಟ್ಟವರುಂಟು, ಮಲಗುವ ಕೋಣೆ ಬಿಟ್ಟುಕೊಟ್ಟವರುಂಟು. ದಂಡೆಯುದ್ದಕ್ಕೂ ನಡೆಯುವ ದಾರಿಯಾಯಿತು, ಕುಂಡಗಳಲ್ಲಿ ಮೆಣಸಿನ ಗಿಡ ಬಂತು. ಎರಡೂ ದಡದವರು ಒಬ್ಬರ ಗೋಡೆಯನ್ನು ಒಬ್ಬರು ಎತ್ತಿಕೊಟ್ಟರು. ಸಿಮೆಂಟು ಮರಳು ಸಾಗಿಸಿ ಪೋನಿರಾರ ಭುಜ ಇಳಿದುಹೋಯಿತು.

ತೀರ್ಮಾನ ಬಂದಾಗ ಅದು ಒಂದೇ ದಡಕ್ಕೆ ಬಂತು. ಗಾಯಾಮ್ ಸರ್ಕಾರಿ ಜಾಗ, ಉಳಿಯಬಹುದು. ವಾರು ಕೇರಿಯ ನೆಲ ಹಳೆಯ ಗೋದಾಮಿನ ಮಾಲೀಕರದ್ದು. ಅವರು ಅದನ್ನು ಆಗಲೇ ಮಾರಿದ್ದಾರೆ, ತೆರವಾಗಲೇಬೇಕು.

ಗಾಯಾಮ್‌ನವರ ಸಭೆ ಮುರ್ಸಿದ್ ಅಂಗಡಿಯ ಮುಂದೆ ಸೇರಿತು. ಒಪ್ಪಿಕೊಳ್ಳೋಣ, ಸಿಕ್ಕಿದ್ದನ್ನು ಉಳಿಸಿಕೊಂಡು ಆಮೇಲೆ ಆ ದಡಕ್ಕಾಗಿ ಹೋರಾಡೋಣ ಎಂದು ಮುರ್ಸಿದ್ ತಲೆ ತಗ್ಗಿಸಿಕೊಂಡು ಹೇಳಿದರು. ಆಗ ಪೋನಿರಾ ಎದ್ದು ನಿಂತರು. ಸಭೆಯಲ್ಲಿ ಅವರು ಬಾಯಿ ತೆರೆದದ್ದು ಅದೇ ಮೊದಲು.

“ಎರಡೂ ದಡ ಅಂದಿದ್ವಲ್ಲ,” ಎಂದರು.

ಹಿಂದಿನ ಸಾಲಿನಿಂದ ಒಬ್ಬ ಹೇಳಿದ: “ಬು, ಆ ದಡ ಹೋದ್ರೆ ನಿಮ್ಮ ದೋಣಿ ವ್ಯಾಪಾರ ಮುಳುಗುತ್ತೆ. ಅದನ್ನ ನೇರ ಹೇಳ್ಬಿಡಿ.”

ಕೆಲವರು ನಕ್ಕರು. ಪೋನಿರಾ ಕುಳಿತುಕೊಂಡರು. ಕೈ ಎತ್ತಲು ಹೇಳಿದಾಗ ಅವರ ಕೈ ಮಡಿಲಲ್ಲೇ ಇತ್ತು; ಸುತ್ತ ಮಿಕ್ಕ ಕೈಗಳೆಲ್ಲ ಮೇಲೆದ್ದಿದ್ದವು.

“ಅವನು ಹೇಳಿದ್ದು ಸುಳ್ಳಲ್ಲ,” ಈಗ ಖಾಲಿ ದೋಣಿಯಲ್ಲಿ ಕೂತು ಹೇಳುತ್ತಾರೆ. “ಆ ಕಡೆ ಜನ ಹೋದ್ರೆ ನನ್ನ ದೋಣಿ ಹೋಗುತ್ತೆ. ಆದ್ರೆ ನಾನು ಎದ್ದಿದ್ದು ಅದಕ್ಕಲ್ಲ. ಇದನ್ನ ಯಾರಿಗೆ ಹೇಗೆ ತೋರಿಸ್ಲಿ?”

ವಾರುವನ್ನು ಕೆಡವಲು ಬಂದ ಯಂತ್ರಗಳು ಹೊಳೆಯಲ್ಲಿ ಬರಲಿಲ್ಲ, ಹಿಂದಿನ ದೊಡ್ಡ ರಸ್ತೆಯಿಂದ ಬಂದವು. ಅಡ್ಡ ಹಾಕಲು ಪೋನಿರಾ ಬಳಿ ಏನೂ ಇರಲಿಲ್ಲ. ಈ ದಡದವರು ಬಾಗಿಲು ಹಾಕಿಕೊಂಡು ಒಳಗೇ ಉಳಿದರು. ಆ ದಡದವರನ್ನು ಊರಾಚೆಯ ಬಾಡಿಗೆ ಫ್ಲ್ಯಾಟುಗಳಿಗೆ ಲಾರಿಯಲ್ಲಿ ಸಾಗಿಸಿದರು. ಕಾಸ್ತಿ ಕೊನೆಯ ಸಲ ದಾಟಿ ಬಂದದ್ದು ಗಾಯಾಮ್‌ನ ಅಂಗಡಿಯಲ್ಲಿ ಬಿಟ್ಟಿದ್ದ ತಮ್ಮ ದೊಡ್ಡ ಹಂಡೆಯನ್ನು ಒಯ್ಯಲು. ಪೋನಿರಾ ಹಂಡೆಗೆ ಕೈ ಹಾಕಿದರು. ಕಾಸ್ತಿ ಬಿಡಿಸಿಕೊಂಡರು.

“ಇರ್ಲಿ ಬಿಡು. ನಿಮ್ಮ ದಡ ನಿಮಗಿರ್ಲಿ.”

“ಕಾಸ್ತಿ, ನಾನು ಕೈ ಎತ್ಲಿಲ್ಲ ಕಣೇ.”

“ಗೊತ್ತು. ಎತ್ತದೇ ಇದ್ರೂ ನಿನ್ನ ಮನೆ ಉಳೀತಲ್ಲ.”

“ಅವಳು ‘ನಿಮ್ಮ ದಡ’ ಅಂದ್ಳು,” ಎಂದಷ್ಟೇ ಈಗ ಪೋನಿರಾ ಹೇಳುತ್ತಾರೆ. “ಅಲ್ಲೀವರ್ಗೂ ಆ ಮಾತು ಬಂದಿರ್ಲಿಲ್ಲ ಅವಳ ಬಾಯಲ್ಲಿ.”

ಗಾಯಾಮ್‌ನಲ್ಲಿ ಗೆಲುವಿನ ಊಟ ನಡೆಯಿತು. ಅರಿಶಿನದನ್ನವನ್ನು ಗೋಪುರದಂತೆ ಪೇರಿಸಿ, ಸುತ್ತ ಕೋಳಿ, ಮೊಟ್ಟೆ, ತೆಂಗಿನಕಾಯಿ ಪಲ್ಯ ಇಟ್ಟು ಪ್ರಾರ್ಥನೆ ಮಾಡಿದರು. ಪೋನಿರಾ ಪಾಲಿನ ಪೊಟ್ಟಣವನ್ನು ಮುರ್ಸಿದರ ಹೆಂಡತಿ ಮನೆಗೇ ತಂದುಕೊಟ್ಟರು. ಅದನ್ನು ತೆಗೆದುಕೊಂಡರು, ಥ್ಯಾಂಕ್ಸ್ ಅಂದರು, ಬೆಕ್ಕಿಗೆ ಹಾಕಿದರು.

ಈಗ ಕೇರಿಗೆ ಹೊರಗಿನವರು ಬರುತ್ತಾರೆ. ಕಾಲೇಜು ಹುಡುಗ ಹುಡುಗಿಯರು, ಬೇರೆ ಊರಿನ ಸಂಘದವರು. ಗೋಡೆಗಳಿಗೆ ಬಣ್ಣ ಬಳಿದಿದೆ, ಕಮಾನಿನ ಮೇಲೆ ‘ಜನ ಉಳಿಸಿಕೊಂಡ ಕೇರಿ’ ಎಂದು ಬರೆದಿದೆ. ಮುರ್ಸಿದ್ ಎಲ್ಲ ತೋರಿಸುತ್ತಾರೆ. ಕೊನೆಗೆ ಬಂದವರು ದೋಣಿ ಹತ್ತಿ ಫೋಟೊ ತೆಗೆದುಕೊಳ್ಳುತ್ತಾರೆ.

“ಆಂಟೀ, ಆ ಕಡೆ ಹೋದ್ರೆ ಏನಿದೆ?”

“ಏನೂ ಇಲ್ಲ.”

“ಮತ್ತೆ ದೋಣಿ ಯಾಕೆ?”

ಪೋನಿರಾ ಹಗ್ಗ ಎಳೆಯುತ್ತಾರೆ.

ಮುರ್ಸಿದ್ ಕೆಟ್ಟ ಮನುಷ್ಯನಲ್ಲ. ಪೋನಿರಾ ಮನೆಯ ತಗಡು ಹಾರಿದಾಗ ಹೊದಿಸಿಕೊಟ್ಟವರು ಅವರೇ. ಸೈಕಲ್ಲಿನ ಚೈನು ಒರೆಸುತ್ತಾ ಅವರು ಹೇಳುತ್ತಾರೆ: “ಎರಡೂ ಕಳ್ಕೊಳ್ಳೋ ಬದ್ಲು ಒಂದಾದ್ರೂ ಉಳೀಲಿ ಅಂದ್ಕೊಂಡ್ವಿ. ಇವತ್ತು ಕೇಳಿದ್ರೂ ಅದನ್ನೇ ಹೇಳ್ತೀನಿ. ಬು ಪೋನಿರಾ ಎದುರಿಗೆ ಬಂದಾಗ ಮಾತ್ರ ನಂಗೆ ಬೇರೆ ಕಡೆ ಕೆಲ್ಸ ನೆನಪಾಗುತ್ತೆ.” ಕೇರಿಯ ಬಹಳ ಜನಕ್ಕೂ ಹಾಗೇ. ನಮಸ್ಕಾರ ಹೇಳುತ್ತಾರೆ, ಹಬ್ಬಕ್ಕೆ ತಟ್ಟೆ ಕಳಿಸುತ್ತಾರೆ. ಕಡವಿನ ಕಟ್ಟೆಯ ಮೇಲೆ ಸಂಜೆ ಹೊತ್ತು ಬಂದು ಕೂರುವವರು ಮಾತ್ರ ಯಾರೂ ಇಲ್ಲ.

ದೋಣಿಗೆ ಈಗ ಗಿರಾಕಿಗಳೆಂದರೆ ಹೆಚ್ಚಾಗಿ ಆ ಕಟ್ಟಡದ ಕೂಲಿಯವರು. ಮಧ್ಯಾಹ್ನ ಈ ದಡದ ಅಗ್ಗದ ಊಟಕ್ಕೆ ಬರುತ್ತಾರೆ. ಮೊದಮೊದಲು ಪೋನಿರಾ ಅವರನ್ನು ಹತ್ತಿಸಿಕೊಳ್ಳಲಿಲ್ಲ. ಕರೆದರೂ ಕೇಳಿಸದಂತೆ ಬೇರೆ ಕಡೆ ನೋಡುತ್ತಿದ್ದರು. ಒಂದು ದಿನ ಮಧುರಾ ದ್ವೀಪದ ಕೂಲಿಯೊಬ್ಬ ಮೆಟ್ಟಿಲ ಮೇಲೆ ಕೂತು ಕೂಗಿದ: “ಅಕ್ಕಾ, ನಾವು ಕಟ್ಟೋರು ಅಷ್ಟೇ ಕಣಕ್ಕಾ, ಅದ್ರಲ್ಲಿ ಇರೋರಲ್ಲ. ಹೊಟ್ಟೆ ಹಸೀತಿದೆ.”

ಪೋನಿರಾ ದೋಣಿ ತಂದರು. ಅವನು ಹತ್ತಿ ಕೂತ ಮೇಲೆ ದಾರಿಯುದ್ದಕ್ಕೂ ತನ್ನ ಊರಿನ ಉಪ್ಪಿನ ಗದ್ದೆಯ ಕತೆ ಹೇಳಿದ. ಆ ದಿನ ರಾತ್ರಿ ಚೆನ್ನಾಗಿ ನಿದ್ದೆ ಬಂತು ಎನ್ನುತ್ತಾರೆ ಅವರು, ಸ್ವಲ್ಪ ನಾಚಿಕೆಯಿಂದ.

ಕಟ್ಟಡ ಮುಗಿದ ಮೇಲೆ ತಗಡಿನ ಸಂದಿ ಮುಚ್ಚುತ್ತಾರಂತೆ. ಅಲ್ಲಿ ಹುಲ್ಲುಹಾಸು, ಕಲ್ಲಿನ ಬೆಂಚು ಬರುತ್ತದಂತೆ. ಮೆಟ್ಟಿಲನ್ನಾದರೂ ಬಿಡಿ ಎಂದು ಕೇಳಲು ಪೋನಿರಾ ಒಮ್ಮೆ ಗೇಟಿನವರೆಗೆ ಹೋಗಿದ್ದರು. “ಇಲ್ಲಿ ದೋಣಿಯಲ್ಲಿ ಬರೋರು ಯಾರಮ್ಮ ಇರ್ತಾರೆ?” ಎಂದು ಕೇಳಿದ ಕಾವಲಿನವನು. ಗೇಟು ನಿಂತಿದ್ದ ಜಾಗ ಕಾಸ್ತಿಯ ಒಲೆ ಇದ್ದ ಜಾಗವೇ ಎಂದು ಪೋನಿರಾಗೆ ಅನ್ನಿಸಿತು. ಖಾತ್ರಿಯಾಗಲಿಲ್ಲ. ಗುರುತಿಗೆ ಮರವೊಂದೂ ಉಳಿದಿರಲಿಲ್ಲ. ಹಾಗೇ ದೋಣಿಗೆ ವಾಪಸು ಬಂದರು.

ಈ ವರ್ಷ ಉಪವಾಸದ ತಿಂಗಳಿಗೆ ಮುಂಚೆ, ಎಲ್ಲರೂ ತಮ್ಮವರ ಗೋರಿ ತೊಳೆದು ಹೂ ಚೆಲ್ಲುವ ದಿನಗಳಲ್ಲಿ, ವಾರುವಿನವರೂ ಗಾಯಾಮ್‌ಗೆ ಬಂದರು. ಊರಾಚೆಯ ಫ್ಲ್ಯಾಟಿನಿಂದ ಬರುವ ಬಸ್ಸು ಗೋರಿಗಳ ಪಕ್ಕದಲ್ಲೇ ನಿಲ್ಲುತ್ತದೆ. ಎಲ್ಲರೂ ಅದರಲ್ಲೇ ಬಂದು ಅದರಲ್ಲೇ ಹೋದರು. ಕೆಲವರು ದೂರದಿಂದ ಪೋನಿರಾಗೆ ಕೈ ಬೀಸಿದರು. ಕಾಸ್ತಿ ಅವರಲ್ಲಿರಲಿಲ್ಲ, ಹಿಂದಿನ ಎರಡು ವರ್ಷವೂ ಬಂದಿರಲಿಲ್ಲ. ಅವರ ತಾಯಿಯ ಗೋರಿಯ ಹುಲ್ಲನ್ನು ಪೋನಿರಾ ತಾವೇ ಕಿತ್ತು ಬಂದಿದ್ದರು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಪೋನಿರಾ ಬಿಸಿಲಿಗೆ ದೋಣಿಯ ಸೂರಿನ ಕೆಳಗೆ ಕಣ್ಣು ಮುಚ್ಚಿದ್ದಾಗ ಆ ದಡದಿಂದ ಕೂಗು ಕೇಳಿತು.

“ದೋಣೀ!”

ತಗಡಿನ ಸಂದಿಯಲ್ಲಿ ಹೂವಿನ ಬುಟ್ಟಿ ಹಿಡಿದು ಕಾಸ್ತಿ ನಿಂತಿದ್ದರು. ತೆಳ್ಳಗಾಗಿದ್ದರು. ಹೇಗೆ ಹೋಗಿ ದಡ ಮುಟ್ಟಿದೆನೋ ಗೊತ್ತಿಲ್ಲ ಎನ್ನುತ್ತಾರೆ ಪೋನಿರಾ. ಕಾಸ್ತಿ ಹತ್ತಿ ತುದಿಯ ಹಲಗೆಯ ಮೇಲೆ ಕೂತರು. ಎದುರಿಗಲ್ಲ, ಹೊಳೆಯ ಕಡೆಗೆ ಮುಖ ಮಾಡಿ. ಇಳಿಯುವಾಗ ಸೊಂಟದ ಚೀಲದಿಂದ ನಾಣ್ಯ ತೆಗೆದು ಕಾಸಿನ ಡಬ್ಬಿಗೆ ಹಾಕಿದರು. ಅಷ್ಟು ವರ್ಷದಲ್ಲಿ ಅವರು ಆ ದೋಣಿಗೆ ಕಾಸು ಕೊಟ್ಟದ್ದೇ ಇಲ್ಲ. ಬಾಳೆಲೆಯಲ್ಲಿ ಸುತ್ತಿದ ಟೆಂಪೆ ಕೊಡುತ್ತಿದ್ದರು, ಇಲ್ಲವೆ ಬೈಗುಳ.

“ಡಬ್ಬಿ ಸದ್ದಾಯ್ತಲ್ಲ, ಅದು ಇಲ್ಲಿ ಹೊಡೀತು,” ಪೋನಿರಾ ಎದೆಯ ಮೇಲೆ ಕೈ ಇಟ್ಟು ಹೇಳುತ್ತಾರೆ.

ಕಾಸ್ತಿ ಗೋರಿಗಳ ಕಡೆ ಹೋದರು. ಬಹಳ ಹೊತ್ತಾಯಿತು. ಬಸ್ಸು ಬಂದು ನಿಂತು ಹೊರಟಿತು. ಅದರಲ್ಲೇ ಹೋಗಿರಬೇಕು ಎಂದು ಪೋನಿರಾ ಹಗ್ಗದ ರಾಟೆಗೆ ಗ್ರೀಸ್ ಹಚ್ಚುತ್ತಾ ಕೂತರು. ಹಿಂದೆ ದೋಣಿ ಅಲ್ಲಾಡಿತು. ಖಾಲಿ ಬುಟ್ಟಿ ಕಾಲ ಬಳಿ ಇಟ್ಟುಕೊಂಡು ಕಾಸ್ತಿ ಈ ಸಲ ಹತ್ತಿರದ ಹಲಗೆಯ ಮೇಲೆ ಕೂತಿದ್ದರು.

“ಅಮ್ಮನ ಗೋರಿ ಕ್ಲೀನಾಗಿತ್ತು,” ಎಂದರು.

“ಹೂಂ.”

“ನಿಂಗ್ಯಾರು ಹೇಳಿದ್ದು ಮಾಡು ಅಂತ?”

ಪೋನಿರಾ ಹಗ್ಗ ಎಳೆದರು. ಮಧ್ಯ ಹೊಳೆಗೆ ಬಂದಾಗ ಕಾಸ್ತಿಯೇ ಮತ್ತೆ ಮಾತಾಡಿದರು. ಫ್ಲ್ಯಾಟು ಐದನೇ ಅಂತಸ್ತಿನಲ್ಲಿದೆ. ಕಾಳು ಬೇಯಿಸಿದರೆ ವಾಸನೆ ಎಂದು ಪಕ್ಕದವರು ಜಗಳ ತೆಗೆಯುತ್ತಾರೆ, ಹಂಡೆ ಮಂಚದ ಕೆಳಗಿದೆ. ಬಾಳೆಹಣ್ಣು ಕರಿದು ಶಾಲೆಯ ಮುಂದೆ ಮಾರುತ್ತಾರೆ. ಹೇಳಿ ಮುಗಿಸಿ, ಪೋನಿರಾರನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಎಷ್ಟು ಬಡಕಲಾಗಿದೀಯ. ತಿಂತೀಯೋ ಇಲ್ವೋ?”

“ಟೆಂಪೆ ಚೆನ್ನಾಗಿರಲ್ಲ ಈಗ. ಪ್ಲಾಸ್ಟಿಕ್ಕಲ್ಲಿ ಕಟ್ಟಿರ್ತಾರೆ.”

“ಥೂ,” ಎಂದರು ಕಾಸ್ತಿ.

ಮೆಟ್ಟಿಲ ಬಳಿ ಇಳಿದರು. ಡಬ್ಬಿಗೆ ಕೈ ಹಾಕಲಿಲ್ಲ. ಹೋಗಿ ಬರುತ್ತೇನೆ ಎಂದೂ ಹೇಳಲಿಲ್ಲ. ತಗಡಿನ ಸಂದಿಯಲ್ಲಿ ಬುಟ್ಟಿ ಸಿಕ್ಕಿಕೊಂಡಾಗ ಜೋರಾಗಿ ಬೈದು ಎಳೆದುಕೊಂಡು ಆಚೆ ಹೋದರು. ಆ ಬೈಗುಳ ಕಟ್ಟಡದವರಿಗೆ ಎಂದು ಪೋನಿರಾಗೆ ಗೊತ್ತಾಯಿತು. ಅಂದು ಸಂಜೆಯವರೆಗೂ ಬೇರೆ ಗಿರಾಕಿ ಬರಲಿಲ್ಲ. ಬಂದಿದ್ದರೂ ದಾಟಿಸುವ ಮನಸ್ಸಿರಲಿಲ್ಲ ಎನ್ನುತ್ತಾರೆ.

ಏನು ಬೇಕು ನಿಮಗೆ ಎಂದು ಕೇಳಿದರೆ ಪೋನಿರಾ ಅಂಗೈಯ ಟ್ಯೂಬಿನ ತುಂಡನ್ನು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಾರೆ. ದೋಣಿಗೆ ಹೊಸ ಹಲಗೆ ಬೇಕಾಗಿದೆ, ಭುಜಕ್ಕೆ ಔಷಧಿ ಬೇಕಾಗಿದೆ. ಅದ್ಯಾವುದನ್ನೂ ಹೇಳುವುದಿಲ್ಲ.

“ಬರೋ ವರ್ಷ ಅವಳು ಬರ್ತಾಳಲ್ಲ, ಆವಾಗ್ಲೂ ನನ್ನ ದೋಣೀಲೇ ಬರ್ಲಿ,” ಎನ್ನುತ್ತಾರೆ. “ಬಸ್ಸು ಹತ್ರ ಆಗುತ್ತೆ ಅವಳಿಗೆ. ಗೊತ್ತು ನಂಗೆ. ಆದ್ರೂ.”